ದೊಡ್ಡ ಲೆನ್ಸಿಗೆ ಕಾಣದ ಹುಳ

ನಿಜಾಮರ ರಾಜ್ಯ ಹೋಗಿ ನಾವು ಇಂಡಿಯಾದಾಗ ಕೂಡಿದ ಹೊಸತು. ಶಹಾಪುರದ ನಮ್ಮ ಸಾಲ್ಯಾಗ ವಿಜ್ಞಾನದ ಮಾಸ್ತರ ಅಂದ್ರ ನಾನೊಬ್ಬನೇ. ಹಿಂಗಾಗಿ ಊರಿನ ಅಜ್ಞಾನಕ್ಕೆಲ್ಲ ನಾನೇ ಜವಾಬ್ದಾರ ಅಂತ ತಿಳ್ಕೊಂಡಿದ್ದೆ.

ಆಗ ನಾರುಹುಣ್ಣಿನ ಕಾಟ ಭಾಳ. ಮೆಟ್ಟಿಲಬಾವಿ ನೀರಿನ್ಯಾಗಿನ ಸಣ್ಣ ಹುಳ ಹೊಟ್ಟಿಗೆ ಹೋತಂದ್ರ, ಮುಂದಿನ ವರ್ಷ ಕಾಲಾಗಿಂದ ದಾರದಂಥ ಹುಳ ಹೊರಗ ಬರತಿತ್ತು. ಮಗ್ಗಲ ಮನಿ ಶಿವಣ್ಣ ಕಾಕಾನ ಹೆಂಡತಿ ಬ್ಯಾಸಿಗಿ ಪೂರ್ತಿ ಹಾಸಿಗಿ ಹಿಡಿದಿದ್ದಳು. ನೀರು ಸೋಸಿ ಕುಡೀರಿ ಅಂದ್ರ ಕಾಕಾ, ಮೊದಲ ನೀರಾಗಿನ ಹುಳ ತೋರಸು, ಆಮ್ಯಾಲ ಸೋಸ್ತೀನಿ ಅಂದ.

ತೋರಿಸೇ ಬಿಡೋಣ ಅಂತ ಸಾಲಿಯ ಖುರ್ದಬೀನು, ಅಂದ್ರ ಸೂಕ್ಷ್ಮದರ್ಶಕ, ಬಗಲಾಗ ಹಿಡಕೊಂಡು ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋದೆ. ಅದರಾಗಿದ್ದದ್ದು ಕಮ್ಮಿ ಶಕ್ತಿಯ ಸಣ್ಣ ಲೆನ್ಸು. ಅಂಗಡಿಯವ, ನೀರಿನ ಹುಳಕ್ಕ ಇದೇ ಬರೋಬ್ಬರಿ ಅಂದ. ನಾನು ನಕ್ಕೆ. ಹುಳ ಸಣ್ಣದಿದ್ದಷ್ಟೂ ಲೆನ್ಸು ದೊಡ್ಡದು ಬೇಕು ಅನ್ನೋದು ನನ್ನ ಸಿದ್ಧಾಂತ! ಅದನ್ನ ಅವನಿಗೇ ಕೊಟ್ಟು, ಅಂಗಡ್ಯಾಗಿನ ಎಲ್ಲಾಕ್ಕಿಂತ ಜಬರದಸ್ತ್ ಲೆನ್ಸು ಬದಲಿ ತಂದೆ. ಇದಕ್ಕ ಎಣ್ಣಿ ಹನಿ ಹಾಕಿ ನೋಡಬೇಕು ಅಂದಿದ್ದ. ಯಾವ ಎಣ್ಣಿ ಅಂತ ಕೇಳಿದ್ರ ಮಾಸ್ತರಕಿ ಎಲ್ಲಿ ಉಳೀತದ?

ಐತವಾರ ನಮ್ಮ ಕಟ್ಟಿಮ್ಯಾಲ ಓಣಿಯೆಲ್ಲಾ ಕೂಡಿತು. ಗಾಜಿನ ಮ್ಯಾಲ ಬಾವಿ ನೀರಿನ ಹನಿ ಇಟ್ಟು, ಹೆಂಡತಿ ಗಂಗಮ್ಮನ ಕಡಿಂದ ಕುಸುಬಿ ಎಣ್ಣಿ ಇಸಗೊಂಡು ಬಿಟ್ಟೆ.

"ಒಗ್ಗರಣಿಗೆ ಸಾಸಿವಿನೂ ಕೊಡಲೇನ್ರಿ?" ಅಂದ್ಲು.

ವಿಜ್ಞಾನದ ಘನತೆಗೆ ತಕ್ಕಂಗ ಖುರ್ದಬೀನಿಗೆ ಕಣ್ಣು ಹಚ್ಚಿದೆ.

ಆ ಲೆನ್ಸಿಗೆ ಕಾಣೋದು ಸೂಜಿ ಮೊನಿಯಷ್ಟು ಜಾಗ. ಹುಳ ಅದಕ್ಕಿಂತ ದೊಡ್ಡದು, ಮ್ಯಾಲ ಒಂದು ಕಡಿ ನಿಲ್ಲದ ಜಾತಿ. ನನಗ ಕಂಡದ್ದು ಬರೀ ಬೆಳಕು. ಇನ್ನೊಂದೀಟು ಕೆಳಗ ಇಳಿಸಿದೆ. ಗಾಜು ಪಟ್ ಅಂತ ಬಿರೀತು.

ಕಾಕಾ ಬಗ್ಗಿ ನೋಡಿ, ನೀರು ಸ್ವಚ್ಛ ಅದ, ಸರ್ಕಾರಿ ಮಷೀನೇ ಹೇಳ್ತು ಅಂತ ಎದ್ದ. ಎಲ್ಲಾರೂ ನಕ್ಕೋತ ಹೌದೌದು ಅಂದ್ರು. ಇಷ್ಟು ದಿನ ಸಂಶಯಕ್ಕಾದ್ರೂ ಒಬ್ಬಿಬ್ಬರು ಸೋಸತಿದ್ರು. ಈಗ ನಾನೇ ಬಾವಿಗೆ ಸರ್ಟಿಫಿಕೇಟು ಕೊಟ್ಟಂಗಾಗಿತ್ತು.

ಬಿಸಲಿಗೋ ಅವಮಾನಕ್ಕೋ ಗಂಟಲ ಒಣಗಿತ್ತು. ಮಗ್ಗಲಿದ್ದ ತಂಬಿಗಿ ಎತ್ತಿ ಬಾಯಿಗೆ ಹಚ್ಚಿದೆ.

"ಅಯ್ಯ, ಅದು ಬಾವಿ ನೀರ್ರಿ, ಸೋಸಿಲ್ಲ!" ಅಂದ್ಲು ಗಂಗಮ್ಮ.

ಬಾಯಾಗಿದ್ದದ್ದು ಉಗುಳಿದೆ. ಗಂಟಲಿಗೆ ಬಟ್ಟು ಹಾಕಿ ಹೊಟ್ಟ್ಯಾಗಿನದೂ ಕಕ್ಕಾಕ ನೋಡಿದೆ. ಆಗಲೇ ಹುಳ ಇಳಿದು ಬಂದಾವೇನೋ ಅನ್ನೋಹಂಗ ಕಾಲು ಮುಟ್ಟಿ ಮುಟ್ಟಿ ನೋಡ್ಕೊಂಡೆ. ಮಂದಿ ನಗೂದು ನಿಂತಿತು.

ಕಾಕಾ ಹತ್ರ ಬಂದು ನನ್ನ ಮುಖ ಬಗ್ಗಿ ನೋಡಿದ. "ತಮ್ಮಾ, ನಿನ್ನ ಖುರ್ದಬೀನಿನ್ಯಾಗ ಏನೂ ಕಾಣಲಿಲ್ಲ. ನಿನ್ನ ಮಾರಿಮ್ಯಾಲ ಮಾತ್ರ ಹುಳ ಕಂಡ್ವು ನೋಡು," ಅಂದವನೇ ಮನಿಗೆ ಹೋಗಿ ಕೊಡದ ಬಾಯಿಗೆ ಧೋತ್ರದ ತುಂಡು ಕಟ್ಟಿದ.

ಓಣಿಯವರೂ ಕಟ್ಟಿದ್ರು. ಆಮ್ಯಾಲ ಯಾರಾದ್ರೂ ಹಟ ಹಿಡಿದ್ರ ಕಾಕಾ ಅವರನ್ನ ಸೀದಾ ನಮ್ಮ ಮನಿಗೆ ಕರಕೊಂಡು ಬರತಿದ್ದ. ನಾನು ಖುರ್ದಬೀನು ತರಾಕ ಎದ್ರ, "ಅದು ಬ್ಯಾಡ, ಇವರಿಗೆ ನಿನ್ನ ಮಾರಿ ತೋರಸು" ಅಂತಿದ್ದ.