ಮೆಂತ್ಯದ ಡಬ್ಬದಲ್ಲಿ ಮಿಲಿಟರಿ ಲಾರಿ

ಗಂಡನ ಮೇಲೆ ಹೆಂಡತಿಗೆ ಯಾವಾಗ ಅನುಮಾನ ಬರಬೇಕು ಎಂಬ ವಿಷಯದಲ್ಲಿ ನನ್ನ ಗೆಳತಿಯರದು ತಲೆಗೊಂದು ಮಾತು. ಫೋನು ಬಂದಾಗ ಎದ್ದು ಟೆರೇಸಿಗೆ ಹೋದರೆ ಅನ್ನುತ್ತಾಳೆ ಒಬ್ಬಳು. ತಲೆಗೆ ಬಣ್ಣ ಹಚ್ಚಿಕೊಂಡರೆ ಅನ್ನುತ್ತಾಳೆ ಇನ್ನೊಬ್ಬಳು. ನನ್ನ ಅನುಭವವೇ ಬೇರೆ. ರಿಟೈರಾದ ಗಂಡ ಬೆಳಗ್ಗೆ ಎದ್ದವರೇ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದರೆ ಹೆಂಗಸಾದವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಕೇಳಬೇಕು. ನಾನು ಕೇಳಲಿಲ್ಲ, ಒಗ್ಗರಣೆ ಸೀಯುತ್ತಿತ್ತು. ಮುಂದಿನ ವಾರ ಬಾಣಸವಾಡಿಯ ನಮ್ಮ ಅಂಗಳಕ್ಕೆ, ಅಂದರೆ ನಮ್ಮ ಮಾವನವರ ಕಾಲದ ರಾಗಿ ಕಣದಲ್ಲಿ ಮಾರದೆ ಉಳಿದ ಚೂರು ಜಾಗಕ್ಕೆ, ಒಂದು ಮಿಲಿಟರಿ ಲಾರಿ ಬಂದು ನಿಂತಿತು.

ಸೈನ್ಯದವರು ಸಾಕಪ್ಪಾ ಸಾಕು ಅಂತ ಹರಾಜು ಹಾಕಿದ್ದ ಗಾಡಿ. ಶಿವಾಜಿನಗರದ ಗುಜರಿ ಅಂಗಡಿಯ ರಹಮತ್ ಭಾಯ್ ಅದನ್ನು ಹಿಡಿದಿದ್ದರು, ಅವರಿಂದ ನಮ್ಮವರು ಹಿಡಿದರು. ಮರಳು ಹೊರುವ ಲಾರಿಯಷ್ಟು ದೊಡ್ಡದೇನಲ್ಲ, ನಾಲ್ಕು ಚಕ್ರದ ಪೆಟ್ರೋಲ್ ಗಾಡಿ. ಆದರೂ ನನ್ನ ಬಟ್ಟೆ ಒಣಹಾಕುವ ತಂತಿ, ಕರಿಬೇವಿನ ಗಿಡ, ಬೆಳಗಿನ ಬಿಸಿಲು ಮೂರನ್ನೂ ನುಂಗಿ ಹಾಕಿತು. "ಯಾರ ಮೇಲೆ ಯುದ್ಧಕ್ಕೆ ಹೊರಟಿದೀರಿ?" ಅಂದೆ. "ಹಿಂದುಗಡೆ ಒಂದು ರೂಮು ಮಾಡ್ತೀನಿ ಕಣೇ. ಮಂಚ, ಒಲೆ, ಕಿಟಕಿ. ಫೌಜಿನಲ್ಲಿ ಡ್ರೈವರಾಗಿ ನಾನು ಇಡೀ ದೇಶ ನೋಡ್ಬಿಟ್ಟೆ. ನಿನಗೆ ಕೆ.ಆರ್. ಪುರದಿಂದಾಚೆ ಏನೂ ತೋರಿಸ್ಲಿಲ್ಲ" ಅಂದರು. ಹೈಸ್ಕೂಲು ಹುಡುಗರನ್ನು ಬರೀ ಬಾಯಲ್ಲೇ ಅಂಕೆಯಲ್ಲಿಟ್ಟಿದ್ದ ಗಣಿತದ ಟೀಚರ್ ನಾನು. ಅವತ್ತು ಬೈಯುವುದು ಬಿಟ್ಟು, ಬಟ್ಟೆಯ ತಂತಿ ಬಿಚ್ಚಿ ಬೇರೆ ಕಡೆ ಕಟ್ಟಿಕೊಂಡೆ.

ಮಿಲಿಟರಿ ಹಸಿರನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲವಂತೆ, ಬಣ್ಣ ಬದಲಾಯಿಸಲೇಬೇಕು. ಮನೆಗೆ ಬಳಿದು ಉಳಿದಿದ್ದ ತಿಳಿಗುಲಾಬಿ ಇತ್ತು, ಅದನ್ನೇ ಬಳಿಯಲು ಕೂತರು. ಬೀದಿಯ ಮಕ್ಕಳು ಗೇಟಿನ ಹತ್ತಿರ ಬಂದು ಐಸ್‌ಕ್ರೀಂ ಎಷ್ಟು ಅಂತ ಕೇಳಿಕೊಂಡು ಹೋದರು. ನಾನೂ ನಗುತ್ತಾ ನಿಂತಿದ್ದೆ. ಆಗಲೇ ನೋಡಿದ್ದು, ಬ್ರಷ್ ಹಿಡಿದ ಅವರ ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು.

ನರದ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಪಾರ್ಕಿನ್ಸನ್, ವಾಸಿಯಾಗುವ ಕಾಯಿಲೆ ಅಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಅಷ್ಟೇ. ನಿಮ್ಮ ಕೈಕಾಲು ನೋಡಿದರೆ ಗಾಡಿ ಓಡಿಸುವುದನ್ನು ಇವತ್ತಿಗೇ ಬಿಡಬೇಕು ಅಂದರು. ನಮ್ಮವರು ಒಂದೇ ಒಂದು ಪ್ರಶ್ನೆ ಕೇಳಿದರು: "ರಿಪೇರಿ ಮಾಡಬಹುದಾ ಸಾರ್?" ಆ ಪುಣ್ಯಾತ್ಮ ಡಾಕ್ಟರು, "ಧಾರಾಳವಾಗಿ ಮಾಡಿ, ಕೈಗೆ ಕೆಲಸ ಇರಬೇಕು" ಅಂದುಬಿಟ್ಟರು. ಅಡುಗೆ ಮಾಡಬಹುದು, ಉಣ್ಣಬಾರದು ಅಂದ ಹಾಗೆ. ಮನೆಗೆ ಬಂದವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಅಂಗಳಕ್ಕೆ ಹೋಗಿ, ಸ್ಪ್ಯಾನರ್ ಕೊಡಿ ಇಲ್ಲಿ ಅಂದೆ.

ಹೀಗೆ ನಾನು ಅವರ ಕೈಯಾದೆ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ನಾನು ಮೇಲೆ ಕೂತು ಪೆಡಲ್ ಒತ್ತುವುದು, ಅವರು ಕೆಳಗೆ ಮಲಗಿ ತಿರುಪು ಸಡಿಲಿಸುವುದು. "ಒತ್ತು. ಹಿಡಿ. ಬಿಡು." ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹೇಳಿದ್ದನ್ನು ಹೇಳಿದಂತೆ ನಾನು ಕೇಳಿದ್ದು ಅವತ್ತೇ. ಸ್ವಲ್ಪ ದಿನಕ್ಕೆ ಅವರಿಗೆ ತಿರುಪೂ ಹಿಡಿಯಲಾಗಲಿಲ್ಲ. ನಾನು ಕೆಳಗೆ ಮಲಗಿದೆ, ಅವರು ಮೇಲೆ ಕೂತರು.

ಒಂದು ದಿನ ದರಿದ್ರದ ಲಾರಿ ಸ್ಟಾರ್ಟ್ ಆಗಿಬಿಟ್ಟಿತು. ಇಡೀ ಮನೆ ನಡುಗಿತು. ಸ್ಟೇರಿಂಗ್ ಹಿಡಿದು ಕೂತವರು ಗೇಟನ್ನೇ ನೋಡುತ್ತಿದ್ದರು. ಗೇಟಿನಾಚೆ ಸ್ಕೂಲು ಮಕ್ಕಳು ನಡೆಯುವ ರಸ್ತೆ. ಕೀ ಬಚ್ಚಿಡೋಣವೆಂದರೆ ಆ ಗಾಡಿಗೆ ಕೀಯೇ ಇಲ್ಲ, ಬರೀ ಸ್ವಿಚ್ಚು. ಯುದ್ಧದಲ್ಲಿ ಕೀ ಹುಡುಕುತ್ತಾ ಕೂರೋಕಾಗುತ್ತಾ ಅಂತ ಅವರೇ ಹೇಳಿದ್ದರು. ಇನ್ನೊಂದನ್ನೂ ಹೇಳಿದ್ದರು. ಫೌಜಿ ಡ್ರೈವರು ಗಾಡಿ ಬಿಟ್ಟು ಹೋಗುವಾಗ ಇಂಜಿನ್ನಿನಲ್ಲಿ ಕರೆಂಟ್ ಹಂಚುವ ಮುಚ್ಚಳ ತೆಗೆದು, ಒಳಗಿನ ಹೆಬ್ಬೆರಳಷ್ಟು ತುಂಡು, ರೋಟರ್ ಅಂತಾರೆ, ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನಂತೆ. ಅದಿಲ್ಲದೆ ಯಾರಪ್ಪನಿಗೂ ಗಾಡಿ ಹೊರಡುವುದಿಲ್ಲ. ಮಧ್ಯಾಹ್ನ ಅವರು ಮಾತ್ರೆ ನುಂಗಿ ಮಲಗಿದಾಗ ರೋಟರ್ ಬಿಚ್ಚಿ ತಂದು ಮೆಂತ್ಯದ ಡಬ್ಬದೊಳಗೆ ಹೂತಿಟ್ಟೆ. ಮೆಂತ್ಯ ಕಂಡರೆ ಅವರಿಗಾಗದು, ಆ ಡಬ್ಬ ಮುಟ್ಟುವವರಲ್ಲ.

ಮರುದಿನದಿಂದ ಶುರುವಾಯಿತು ನೋಡಿ. ಗಾಡಿ ಗರ್ ಗರ್ ಅಂತಿತ್ತು, ಹೊರಡುತ್ತಿರಲಿಲ್ಲ. ಅವರು ಪೆಟ್ರೋಲ್ ಟ್ಯಾಂಕು ತೊಳೆಸಿದರು, ಹೊಸ ವೈರು ಎಳೆಸಿದರು. ಮಾಡುವ ಕೈ ನನ್ನದೇ. ಇಲ್ಲದ ರೋಗಕ್ಕೆ ಇರುವ ಔಷಧಿಯನ್ನೆಲ್ಲ ಕುಡಿದು ಲಾರಿ ದಿನದಿನಕ್ಕೆ ಗುಂಡುಕಲ್ಲಿನಂತಾಯಿತು. ಅವರು ದಿನದಿನಕ್ಕೆ ಇಳಿದರು. ಆ ಕಾಯಿಲೆ ಮುಖದ ನಗುವನ್ನೂ ತಿನ್ನುತ್ತದೆ. ಸಿಟ್ಟೋ ಸಂಕಟವೋ ನೋಡಿದರೆ ತಿಳಿಯದು. ಗಾಡಿ ಹೊರಟರೆ ಅವರನ್ನು ಕಳಕೊಳ್ಳುತ್ತೇನೆ, ಹೊರಡದಿದ್ದರೆ ಹೀಗೇ ಸವೆಯುತ್ತಾರೆ. ಯಾವ ದೇವರಿಗೆ ಹರಕೆ ಹೊರಲಿ?

ಆಯುಧಪೂಜೆ ಬಂತು. ಲಾರಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆವು. ಗಾಡಿ ಮುಂದೆ ಹೋಗಿ ಹಣ್ಣು ನಜ್ಜುಗುಜ್ಜಾದರೇ ಪೂಜೆ ಮುಗಿದ ಹಾಗೆ. ನಾನು, "ಇರಲಿ ಬಿಡಿ, ಈ ವರ್ಷ ಹಣ್ಣು ಹಾಗೇ ಇದ್ದರೂ ದೇವರು ಬೇಜಾರು ಮಾಡ್ಕೊಳ್ಳಲ್ಲ" ಅಂದೆ. ಅವರು ಬಾಗಿಲು ಹಿಡಿದು ಕಷ್ಟಪಟ್ಟು ಹತ್ತಿದರು. ಹತ್ತಿದ್ದು ಡ್ರೈವರ್ ಕಡೆಯಿಂದಲ್ಲ. "ನೀನು ಆ ಕಡೆ ಹತ್ತು. ಓಡಿಸಬೇಡ ಅಂತ ಡಾಕ್ಟರು ಹೇಳಿದ್ದು ನನಗೆ. ನಿನಗಲ್ಲವಲ್ಲ."

ನಾನು ಓಡಿಸಿದ್ದು ಸ್ಕೂಲಿಗೆ ಹೋಗುತ್ತಿದ್ದ ಮೊಪೆಡ್ ಒಂದನ್ನೇ. ಹತ್ತಿ ಕೂತೆ. ಸ್ವಿಚ್ ಒತ್ತಿದೆ. ಗರ್ ಗರ್. ಅವರು ಗಾಜಿನಾಚೆ ನೋಡುತ್ತಾ ಮೆಲ್ಲಗೆ ಹೇಳಿದರು: "ಹೋಗಿ ಮೆಂತ್ಯದ ಡಬ್ಬದಿಂದ ತಗೊಂಡ್ಬಾ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಯಾವಾಗ ಗೊತ್ತಾಯ್ತು?" ಅಂದೆ. "ಮೊದಲನೇ ದಿನವೇ. ಮುಚ್ಚಳ ತೆಗೆದರೆ ಕಣ್ಣಿಗೆ ಬೀಳೋದೇ ಅದು. ನಾನು ಮುಟ್ಟದ ಡಬ್ಬ ಮೆಂತ್ಯದ್ದೊಂದೇ, ಸಾಂಬಾರಿನಲ್ಲಿ ಗ್ರೀಸ್ ವಾಸನೆ ಬೇರೆ." "ಮತ್ತೆ ಇಷ್ಟು ದಿನ ನನ್ನ ಕೈಲಿ ಅಷ್ಟೆಲ್ಲ ಯಾಕೆ ಮಾಡಿಸಿದ್ರಿ?" "ನಾಳೆ ನನ್ನ ಬಾಯೂ ತೊದಲುತ್ತೆ ಕಣೇ. ಅಷ್ಟರೊಳಗೆ ನಿನಗೆ ಕಲಿಸ್ಬೇಕಿತ್ತು."

ರೋಟರ್ ತಂದು ಹಾಕಿ ಮತ್ತೆ ಸ್ವಿಚ್ ಒತ್ತಿದೆ. ಗಾಡಿ ಸ್ಟಾರ್ಟ್ ಆಯಿತು. "ಕ್ಲಚ್ ಒತ್ತು. ಹಿಡಿ. ಬಿಡು, ನಿಧಾನಕ್ಕೆ" ಅಂದರು. ನಾನು ಬಿಟ್ಟೆ, ನಿಧಾನಕ್ಕಲ್ಲ. ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿಯಾದವು. ನನ್ನ ಒಗೆಯುವ ಕಲ್ಲು ಅಪ್ಪಚ್ಚಿಯಾಯಿತು. ಮಾವನವರು ಕಟ್ಟಿಸಿದ ಗೇಟಿನ ಕಂಬ ಬೀದಿಗೆ ಮಲಗಿತು. ಗಾಡಿ ತಾನೇ ಕೆಮ್ಮಿ ನಿಂತಿತು. ಪಕ್ಕಕ್ಕೆ ತಿರುಗಿದೆ. ಅವರ ಮುಖ ಕಲ್ಲಿನಂತೆಯೇ ಇತ್ತು, ಭುಜಗಳು ಮಾತ್ರ ಕುಲುಕುತ್ತಿದ್ದವು. ನಗುತ್ತಿದ್ದರು.

ನಕ್ಕು ಮುಗಿಸಿ ಕೈ ಚಾಚಿದರು: "ರೋಟರ್ ಬಿಚ್ಚಿ ಕೊಡು. ಇನ್ಮೇಲೆ ಅದು ನನ್ನ ಹತ್ರ ಇರಲಿ. ನಿನ್ನ ಕೈಗೆ ಗಾಡಿ ಕೊಡೋಕಾಗಲ್ಲ, ಆಚೆ ಮಕ್ಕಳು ಓಡಾಡೋ ರಸ್ತೆ." ಬಿಚ್ಚಿ ಕೊಟ್ಟೆ. ಅಂಗಿಯ ಜೇಬು ಅವರ ಕೈಗೆ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದರು, ಮತ್ತೆ ತಪ್ಪಿತು. ನಾನು ಬಿದ್ದ ಕಂಬವನ್ನು ನೋಡುತ್ತಾ, ಅದು ಜೇಬಿಗೆ ಇಳಿಯುವವರೆಗೂ ನೆರವಿಗೆ ಕೈ ಹಾಕದೆ ಕೂತಿದ್ದೆ.