ಹಸುವಿನ ಹಿಂದೆ ಎರಡು ಕಣ್ಣು

ಒಡಿರಿಲೆಯ ಕಷ್ಟಕ್ಕೆಲ್ಲ ಮೂಲ ಅವನ ನಾಲಿಗೆ. ಹೋದ ವರ್ಷ ಒಕವಾಂಗೊ ನದಿ ದಡದ ಇದೇ ಊರಿನ ಕೂಟದಲ್ಲಿ ಸಿಂಹಗಳ ಬಗ್ಗೆ ಬುದ್ಧಿ ಹೇಳಲು ನಿಂತಾಗ ಮುಖಂಡ ಮೊಸಿನ್ಯಿಯ ನಾಯಿ ಕೂಡ ಆಕಳಿಸಿ ಎದ್ದು ಹೋಗಿತ್ತು. ಅದನ್ನು ಕಂಡ ಕಾಲೇಜಿನ ಡಿನೇಯೊ ಮೇಡಂ ಫೇಲು ಮಾಡಿದ್ದರು. ಈ ಸಲವೂ ಫೇಲಾದರೆ ಕಾಡುಪ್ರಾಣಿಗಳ ಓದಿಗೆ ಎಳ್ಳುನೀರು ಬಿಟ್ಟು ಸೋದರಮಾವನ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯಬೇಕು. ಅದಕ್ಕೇ ಇವತ್ತು ಬೆಳಿಗ್ಗೆ ಮರದಡಿ ನಿಂತು ಮೈಮೇಲೆ ದೇವರು ಬಂದವನಂತೆ ಮಾತಾಡಿದ.

“ಸಿಂಹ ಹಿಂದಿನಿಂದ ಬರೋ ಕಳ್ಳ! ಹಸು ತನ್ನನ್ನ ನೋಡಿಬಿಡ್ತು ಅನ್ನಿಸಿದ್ರೆ ನಾಚ್ಕೊಂಡು ವಾಪಸ್ ಹೋಗುತ್ತೆ. ಹಸುವಿನ ಅಂಡಿನ ಮೇಲೆ ಎರಡು ಕಣ್ಣು ಬರೆದುಬಿಡಿ, ಸಾಕು!”

ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೇಕೆಗೆ ನದಿಯ ಮೊಸಳೆಗಳು ಹೆದರಿ ಆಚೆ ದಡ ಸೇರಿದವು.

“ಆದ್ರೆ ಬಾವಿಯಿಂದ ಈಚೆಗಿನ ದೊಡ್ಡಿಗಳಿಗೆ ಮಾತ್ರ ಬಣ್ಣ. ಆಚೆಗಿನವು ಹಾಗೇ ಇರ್ಲಿ. ಸಿಂಹ ಯಾವ್ದನ್ನ ಹಿಡಿಯುತ್ತೆ, ಯಾವ್ದನ್ನ ಬಿಡುತ್ತೆ ನೋಡೋಣ. ಅದೇ ನನ್ನ ಓದು.”

ಕೇಕೆ ಗಂಟಲಲ್ಲೇ ನಿಂತಿತು. ಬಾವಿಯಾಚೆಯ ಗಾಸೆಬಾಲ್ವೆ ಅಜ್ಜಿ ಎದ್ದು ಸೊಂಟದ ಮೇಲೆ ಕೈಯಿಟ್ಟಳು.

“ಅಂದ್ರೆ ನಿನ್ನ ಪರೀಕ್ಷೆಗೆ ನನ್ನ ಹಸು ಬಲೀನಾ? ಬೇಕಾದ್ರೆ ನಿಮ್ಮ ಮೇಡಂನ ಬರಿ ಅಂಡಲ್ಲಿ ನಿಲ್ಸಪ್ಪಾ!”

ಕಾಡಿ ಬೇಡಿ ಎಲ್ಲರನ್ನೂ ಒಪ್ಪಿಸಿ, ಬಾವಿಯೀಚೆಯ ದನಗಳಿಗೆಲ್ಲ ಕಣ್ಣು ಬರೆದು, ಒಡಿರಿಲೆ ಜೋಳದ ಹುಳಿಗಂಜಿ ಕುಡಿಯಲು ಕೂತ. ಕುಡಿದು ತಲೆಯೆತ್ತುವಷ್ಟರಲ್ಲಿ ಬಾವಿಯಾಚೆಯ ದನಗಳೂ ಅವನನ್ನು ಹಿಂದಿನಿಂದ ನೋಡುತ್ತಿದ್ದವು! ಮಡಕೆಯ ಮಸಿ, ಗೋಡೆಯ ಸುಣ್ಣ, ಬೂಟು ಪಾಲಿಶು, ಕೈಗೆ ಸಿಕ್ಕಿದ್ದೆಲ್ಲ ಬಳಿದಿದ್ದರು. ಒಂದು ಹೋರಿಗೆ ಕನ್ನಡಕವಿತ್ತು. ಒಂದು ಹಸುವಿಗೆ ಮೆಳ್ಳೆಗಣ್ಣು, ಒಂದು ಕಣ್ಣು ನದಿಗೆ, ಒಂದು ಕಣ್ಣು ಆಕಾಶಕ್ಕೆ. ಗಾಸೆಬಾಲ್ವೆ ಅಜ್ಜಿಯ ಹಸುಗಳಿಗಂತೂ ಮದುಮಗಳಂಥ ರೆಪ್ಪೆಗೂದಲು. ಕತ್ತೆ, ಮೇಕೆ, ಮೊಟ್ಟೆಗೆ ಕೂತ ಕೋಳಿಯನ್ನೂ ಬಿಟ್ಟಿರಲಿಲ್ಲ.

“ಅಜ್ಜೀ, ಇದೇನು ಮಾಡಿದ್ರಿ? ಸಂಜೆ ಮೇಡಂ ನೋಡೋಕೆ ಬರ್ತಾರೆ!”

“ಕಲಿಸ್ದೋನು ನೀನೇ ಅಲ್ವೇನೋ? ಇಷ್ಟು ಚೆನ್ನಾಗಿ ಯಾಕೆ ಕಲಿಸ್ದೆ?”

ಒಡಿರಿಲೆ ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕನ್ನಡಕದ ಹೋರಿಯ ಹಿಂದೆ ಹೋದ. “ಅಯ್ಯೋ, ಹೋರಿಯ ಕಣ್ಣು ಕೀಳ್ತಿದ್ದಾನೆ!” ಎಂದು ಯಾರೋ ಕಿರುಚಿದರು. ಹೋರಿ ಒದ್ದ ಒದೆತಕ್ಕೆ ಅವನು ಹದ್ದಿನಂತೆ ಹಾರಿ ದೊಡ್ಡಿಯ ಮುಳ್ಳುಬೇಲಿಯ ಮೇಲೆ ಕೂತ. ಪ್ಯಾಂಟಿನ ಹಿಂಭಾಗ ಬೇಲಿಯಲ್ಲೇ ಉಳಿಯಿತು. ಉಳಿದವನನ್ನು ಮುಖಂಡನ ಮುಂದೆ ಎಳೆದು ತಂದರು.

ಮುಖಂಡ ಮೊಸಿನ್ಯಿ ಗಂಟಲು ಸರಿಮಾಡಿಕೊಂಡ. “ಹುಡುಗನ ಓದೂ ಉಳೀಬೇಕು, ನಮ್ಮ ಹಸುವೂ ಉಳೀಬೇಕು. ಯಾರ ಹಸುಗೆ ಕಣ್ಣಿಲ್ವೋ ಅವರ ದೊಡ್ಡಿ ಬಾಗಿಲಲ್ಲಿ ಇವನೇ ಮಲಗಿ ಕಾಯ್ಲಿ. ಮಳೆ ಬರೋವರೆಗೂ.”

“ಪುಕ್ಕಟೆ ಕಾವಲಾ!” ಎಂದ ಗಾಸೆಬಾಲ್ವೆ ಅಜ್ಜಿಯ ಕೈಯಲ್ಲಿ ಆಗಲೇ ಸೀಮೆಎಣ್ಣೆಯ ಚಿಂದಿ. ಅವಳ ಹಿಂದೆ ಬಾವಿಯಾಚೆಯವರೆಲ್ಲ ಓಡಿದರು.

ಒಡಿರಿಲೆಯ ಎದೆ ತಣ್ಣಗಾಯಿತು. ಕಾವಲಾದರೇನು, ಓದು ಉಳಿಯಿತಲ್ಲ! ತನ್ನ ಹಸುಗಳನ್ನು ಒರೆಸಿ ಬಂದ ಅಜ್ಜಿ, “ಬಿಚ್ಚೋ ಮಗಾ, ತೇಪೆ ಹಾಕಿಕೊಡ್ತೀನಿ” ಎಂದು ಪ್ಯಾಂಟು ಇಸಿದುಕೊಂಡಳು. ಅವಳ ಕಂಬಳಿ ಸುತ್ತಿಕೊಂಡು ಕೂತವನು ಹಾಗೇ ನಿದ್ದೆ ಹೋದ.

ಜೀಪಿನ ಹಾರನ್ನಿಗೆ ಎಚ್ಚರವಾಯಿತು. ತೇಪೆ ಹಾಕಿಟ್ಟಿದ್ದ ಪ್ಯಾಂಟು ಏರಿಸಿಕೊಂಡು ಬಾವಿಯ ಹತ್ತಿರ ಓಡಿದ. ಡಿನೇಯೊ ಮೇಡಂ ಬಾವಿಯಾಚೆಯ ದನಗಳನ್ನು ನೋಡಿ ತಲೆದೂಗುತ್ತಿದ್ದರು.

“ಬಣ್ಣ ಇಲ್ಲದವು ನೋಡಿದೆ, ಚೆನ್ನಾಗಿದೆ. ಬಣ್ಣ ಇರೋವು ಎಲ್ಲಪ್ಪಾ?”

ಒಡಿರಿಲೆ ಹೆಮ್ಮೆಯಿಂದ ಬಾವಿಯೀಚೆಗೆ ಕೈ ತೋರಿಸಿದ. ಕೈ ಅಲ್ಲೇ ನಿಂತಿತು. ಅಲ್ಲಿಯ ದನಗಳ ಹಿಂಭಾಗವೂ ಸೀಮೆಎಣ್ಣೆಯಲ್ಲಿ ಮಿಂದು ಕನ್ನಡಿಯಂತೆ ಹೊಳೆಯುತ್ತಿತ್ತು.

ಕನ್ನಡಕದ ಹೋರಿಯ ಯಜಮಾನ, ಆಚೆಯ ಕೆಲಪೀಲೆ, ನಕ್ಕ. “ಈಚೆಯವರೂ ಒರೆಸಿಬಿಟ್ರು, ಮೇಡಂ!”

ಈಚೆಯ ದರ್ಜಿ ಕೆರಳಿದ. “ಮತ್ತೆ? ನಿಮಗೆ ಆಳು ಕಾವಲು, ನಮಗೆ ಬರೀ ಬಣ್ಣಾನಾ? ನಾವೇನು ಪಾಪ ಮಾಡಿದ್ವಿ?”

ಒಡಿರಿಲೆ ಆ ದನಗಳನ್ನೇ ನೋಡುತ್ತ ನಿಂತ. ಅವನ ಬೆನ್ನ ಹಿಂದೆ ಇಡೀ ಊರು ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

“ಅಲ್ಲಾಡ್ಬೇಡ,” ಎಂದರು ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. “ಬಣ್ಣ ಇರೋದು ಒಂದು ಸಿಕ್ತು.”

ಒಡಿರಿಲೆ ಹಿಂದೆ ಕೈಯಾಡಿಸಿದ. ಬೆರಳಿಗೆ ಕಪ್ಪು ಪಾಲಿಶು ಮೆತ್ತಿತು. ಹೊಸ ತೇಪೆಯ ಮೇಲೆ, ರೆಪ್ಪೆಗೂದಲ ಸಮೇತ, ತಟ್ಟೆಯಗಲದ ಎರಡು ಕಣ್ಣು!

“ರಾತ್ರಿ ದೊಡ್ಡಿ ಬಾಗಿಲಲ್ಲಿ ಮಲಗೋನು ನೀನು,” ಎಂದಳು ಅಜ್ಜಿ. “ನಾವೇನು ನಿನ್ನ ಹಾಗಲ್ಲಪ್ಪ. ಯಾರನ್ನೂ ಬರಿ ಅಂಡಲ್ಲಿ ಸಿಂಹದ ಬಾಯಿಗೆ ಬಿಡಲ್ಲ.”

“ಊರಿಗೆ ಕಲಿಸೋದ್ರಲ್ಲಿ ನೂರಕ್ಕೆ ನೂರು,” ಎಂದು ಮೇಡಂ ಜೀಪು ಹತ್ತಿದರು. “ಸಂಶೋಧನೆ ಸೊನ್ನೆ. ಫೇಲು.”

“ಹಾಗಾದ್ರೆ ನಾನೂ ಬರ್ತೀನಿ ಮೇಡಂ, ನಮ್ಮ ಮಾವನ ಇಟ್ಟಿಗೆ ಗೂಡಿಗಾದ್ರೂ ಬಿಟ್ಬಿಡಿ!”

“ಎಲ್ಲಿಗೋ?” ಅಜ್ಜಿ ಅವನ ತೋಳು ಹಿಡಿದಳು. “ಮುಖಂಡರು ಏನಂದ್ರು? ಮಳೆ ಬರೋವರೆಗೂ. ನಡಿ, ಮೊದಲು ನಮ್ಮ ದೊಡ್ಡಿ.”

“ಅದ್ಹೆಂಗೆ? ಮೊದಲು ನಮ್ದು!” ಎಂದು ದರ್ಜಿ ಇನ್ನೊಂದು ತೋಳು ಹಿಡಿದ.

ಇಡೀ ಊರು ಅವನನ್ನು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗತೊಡಗಿತು. ಅವನ ಹಿಂದಿನ ಕಣ್ಣುಗಳು ಮಾತ್ರ ರೆಪ್ಪೆ ಮಿಟುಕಿಸದೆ ಜೀಪು ಹೋದ ದಾರಿಯನ್ನೇ ನೋಡುತ್ತಿದ್ದವು.