ಮೂರು ದಿನದ ವಿದ್ಯಾಪೀಠ

ನಮ್ಮ ಸೋದರಮಾವ ಒಂದು ಕಾಲಕ್ಕೆ ಇಡೀ ವಿಶ್ವವಿದ್ಯಾಲಯವನ್ನೇ ನಡೆಸಿದವರು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಅದರಲ್ಲಿ ಕಲಾ ವಿಭಾಗವಿತ್ತು, ವಿಜ್ಞಾನ ವಿಭಾಗವಿತ್ತು, ರಸಾಯನಶಾಸ್ತ್ರಕ್ಕೊಬ್ಬರು, ಖಗೋಳಶಾಸ್ತ್ರಕ್ಕೊಬ್ಬರು ಪಂಡಿತರಿದ್ದರು, ಪ್ರಾಣಿಶಾಸ್ತ್ರಕ್ಕೆ ಸಾಕ್ಷಾತ್ ಪ್ರಾಣಿಯೇ ಇತ್ತು. ಇಲ್ಲದ್ದು ಒಂದೇ: ಐದನೇ ತರಗತಿ!

ಮಾಮಾ ಕೆಂಭಾವಿಯಿಂದ ಎರಡು ಹರದಾರಿ ದೂರದ ನಮ್ಮೂರಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಆಗತಾನೇ ಭಾರತಕ್ಕೆ ಸೇರಿತ್ತು. ಬಾವುಟ ಬದಲಾಯಿತು, ಪಾಠದ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬದಲಾಯಿತು, ಬದಲಾಗದೆ ಉಳಿದವರು ನಮ್ಮ ಮಾಮಾ. ಹಳೆಯ ದಫ್ತರುಗಳಲ್ಲಿ, ಅಂದರೆ ನಿಜಾಮರ ಕಚೇರಿಗಳಲ್ಲಿ, ಒಂದು ಕಟ್ಟಳೆಯಿತ್ತಂತೆ: ಸರ್ಕಾರದ ಕಾಗದ ಬಂದರೆ ಮೂರು ದಿನದೊಳಗೆ ಜವಾಬು ಹೋಗಬೇಕು, ಇಲ್ಲದಿದ್ದರೆ ಯಾಕೆ ತಡವಾಯಿತೆಂದು ಕೇಳುವ ಎರಡನೇ ಕಾಗದ ಬರುತ್ತದೆ. ಆ ಎರಡನೇ ಕಾಗದದ ಮುಖವನ್ನು ಮಾಮಾ ಜನ್ಮದಲ್ಲಿ ನೋಡಿದವರಲ್ಲ. ಅವರಿಗೆ ಮದುವೆಯ ಲಗ್ನಪತ್ರಿಕೆ ಬಂದರೂ ಮೂರು ದಿನದಲ್ಲಿ "ತಮ್ಮ ಪತ್ರ ತಲುಪಿತು, ಮುಂದಿನ ಕ್ರಮ ಜರುಗಿಸಲಾಗುವುದು" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ಕಳಿಸುತ್ತಿದ್ದರು!

ತಾರೀಖಂತೂ ಅವರಿಗೆ ಪ್ರಾಣ. "ತಾರೀಖಿಲ್ಲದ್ದು ಕಾಗದ ಅಲ್ಲವ್ವ, ರದ್ದಿ" ಎನ್ನುವರು. ಒಮ್ಮೆ ಅತ್ತೆ ತವರುಮನೆಯಿಂದ ಬರೆಸಿ ಕಳಿಸಿದ ಪತ್ರದಲ್ಲಿ ತಾರೀಖಿಲ್ಲವೆಂದು ಅದನ್ನು ವಾಪಸು ಮಾಡಿದರು. ಅತ್ತೆ ಏನು ಕಡಿಮೆಯೇ? ಆ ಸಲ ಅವರೂ ಒಂದು ತಿಂಗಳು ತಡಮಾಡಿಯೇ ವಾಪಸಾದರು.

ನಾನಾಗ ನಾಲ್ಕನೇ ತರಗತಿ ಮುಗಿಸಿದ್ದೆ. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಓದುವ ಹುಚ್ಚು, ಬೆಲ್ಲ ಕಟ್ಟಿಕೊಟ್ಟ ಹಾಳೆಯನ್ನೂ ನೆಕ್ಕಿ ಮುಗಿಸಿ ಓದುತ್ತಿದ್ದೆ. ಆದರೆ ಅಪ್ಪ ಖಡಾಖಂಡಿತ ಹೇಳಿಬಿಟ್ಟರು: "ನಾಕನೇತ್ತಿ ಆತಲ್ಲ, ಸಾಕು. ಊರಾಗ ಐದನೇತ್ತಿ ತೆಗದ್ರ ಓದಲಿ, ಬ್ಯಾಡನ್ನಂಗಿಲ್ಲ. ಹುಡುಗೀನ ಸುರಪುರದ ಸಾಲಿಗೆ ಮಾತ್ರ ಕಳಸಾಂವಲ್ಲ ನಾ." ಹೀಗೆಂದು ನನಗೆಂದೇ ಒಂದು ಸಣ್ಣ ಕುಡಗೋಲನ್ನೂ ಮಾಡಿಸಿಟ್ಟರು. ಅದು ಗೋಡೆಯ ಗೂಟಕ್ಕೆ ನೇತಾಡುತ್ತ ನನ್ನನ್ನೇ ನೋಡುತ್ತಿತ್ತು.

ಐದನೇ ತರಗತಿ ಮಂಜೂರು ಮಾಡಿರೆಂದು ಮಾಮಾ ಅರ್ಜಿ ಬರೆದರು. ಮೂರು ದಿನ ಕಳೆಯಿತು, ಮೂರು ತಿಂಗಳೂ ಕಳೆಯಿತು, ಜವಾಬಿಲ್ಲ. ಮಾಮಾನ ಪಾಲಿಗೆ ಇದು ಪ್ರಳಯದ ಲಕ್ಷಣ! ಅಷ್ಟರಲ್ಲಿ ಒಂದು ದಿನ ದೊಡ್ಡ ಲಕೋಟೆ ಬಂತು. ಯಾವುದೋ ವಿದ್ಯಾಪೀಠದವರು ಕಾಲೇಜುಗಳಿಗೆಂದು ಅಚ್ಚು ಹಾಕಿಸಿದ ಉರ್ದು ನಮೂನೆ ಅದು. ದಫ್ತರುಗಳೆಲ್ಲ ಗಂಟುಮೂಟೆ ಕಟ್ಟಿ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದ ಕಾಲ, ಯಾರೋ ಪುಣ್ಯಾತ್ಮ ಅದರ ಮೇಲೆ ನಮ್ಮ ಶಾಲೆಯ ವಿಳಾಸ ಬರೆದಿದ್ದ. ಒಳಗಿದ್ದ ಪ್ರಶ್ನೆ: "ನಿಮ್ಮ ಸಂಸ್ಥೆಯ ಕಲಾ ಹಾಗೂ ವಿಜ್ಞಾನ ವಿಭಾಗಗಳ ಪ್ರತಿಯೊಬ್ಬ ಅಧ್ಯಾಪಕರ ಹೆಸರು, ಸಂಶೋಧನೆಯ ವಿಷಯ, ಫಲ ತಿಳಿಸುವುದು."

ಉರ್ದು ಕಲಿಸುತ್ತಿದ್ದ ಮೌಲ್ವಿ ಸಾಹೇಬರು ಓದಿ ಗಡ್ಡ ನೀವಿಕೊಂಡರು. "ಹೆಡ್‌ಮಾಸ್ಟರ್ ಸಾಬ್, ಇದು ಕಾಲೇಜಿಂದು ಕಾಣತದ್ರಿ. ನಮಗ ಗಲತಿಯಿಂದ ಬಂದದ."

"ಲಿಫಾಫೆ ಮ್ಯಾಲ ನಮ್ಮ ಸಾಲಿ ಹೆಸರದ ಇಲ್ರಿ? ಗಲತಿ ಮಾಡಿದ್ರ ಬರದಾಂವ ಮಾಡ್ಯಾನ. ಜವಾಬು ಕೊಡದಿದ್ರ ಗಲತಿ ನಮ್ಮದಾಗತದ. ಮತ್ತ ನೋಡ್ರಿ, ನಮ್ಮ ಅರ್ಜಿ ಹೋದ ಮ್ಯಾಲೇ ಇದು ಬಂದದ. ಸಂಶೋಧನ ಮಾಡೋ ಸಾಲಿಗೆ ಐದನೇತ್ತಿ ಇಲ್ಲ ಅನ್ನಾಕ ಅವರಿಗೆ ಮಾರಿ ಎಲ್ಲಿ ಉಳಿತದ?"

ತರ್ಕ ಕೇಳಿದಿರಲ್ಲ! ಇದ್ದದ್ದು ಮೂರು ದಿನ. ಅಧ್ಯಾಪಕರೆಂದರೆ ಮಾಮಾ, ಮೌಲ್ವಿ ಸಾಹೇಬರು, ಕನ್ನಡ ಕಲಿಸಲು ಹೊಸದಾಗಿ ಬಂದಿದ್ದ ಬಸಣ್ಣ ಮಾಸ್ತರರು. ಸಾಲದ್ದಕ್ಕೆ ಚಪರಾಸಿ ಸಿದ್ರಾಮನನ್ನೂ ಸೇರಿಸಿಕೊಂಡರು. ಜಗತ್ತಿನ ಯಾವ ವಿದ್ಯಾಪೀಠದಲ್ಲೂ ಮೂರು ದಿನದಲ್ಲಿ ಅಷ್ಟು ಸಂಶೋಧನೆ ನಡೆದಿರಲಿಕ್ಕಿಲ್ಲ.

ಮೌಲ್ವಿ ಸಾಹೇಬರಿಗೆ ರಸಾಯನಶಾಸ್ತ್ರ. ಶಾಲೆಯ ಶಾಯಿಪುಡಿಯನ್ನು ಬಾವಿಯ ನೀರಿನಲ್ಲೊಮ್ಮೆ, ಹಳ್ಳದ ನೀರಿನಲ್ಲೊಮ್ಮೆ, ಯಾರೋ ತಂದಿಟ್ಟ ಕೃಷ್ಣೆಯ ನೀರಿನಲ್ಲೊಮ್ಮೆ ಕಲಸಿ ಯಾವುದು ಗಟ್ಟಿ ನಿಲ್ಲುತ್ತದೆಂದು ನೋಡಬೇಕು. ಸಾಹೇಬರಿಗೋ ಯೋಚಿಸುವಾಗೆಲ್ಲ ಗಡ್ಡ ನೀವಿಕೊಳ್ಳುವ ಚಾಳಿ, ಸಂಶೋಧನೆಯೆಂದರೆ ಯೋಚನೆ ತಪ್ಪುತ್ತದೆಯೇ? ಎರಡನೇ ದಿನಕ್ಕೆ ಅವರ ಬೆಳ್ಳನೆಯ ಗಡ್ಡ ಹರದಾರಿ ದೂರದಿಂದಲೂ ನೀಲಿ ಕಾಣುತ್ತಿತ್ತು. ಫಲದ ಅಂಕಣದಲ್ಲಿ ಮಾಮಾ ಪ್ರಾಮಾಣಿಕವಾಗಿ ಬರೆದರು: "ಮೂರೂ ಶಾಯಿ ಕಾಗದಕ್ಕಿಂತ ಗಡ್ಡದ ಮೇಲೆ ಹೆಚ್ಚು ದಿನ ನಿಲ್ಲುತ್ತವೆ."

ಸಿದ್ರಾಮನಿಗೆ ಖಗೋಳಶಾಸ್ತ್ರ. ಶಾಲೆಯಲ್ಲಿ ಗಡಿಯಾರವಿರಲಿಲ್ಲ. ಬೇವಿನ ಮರದ ನೆರಳು ಎರಡನೇ ಮೆಟ್ಟಿಲು ಮುಟ್ಟಿದರೆ ಶಾಲೆ ಬಿಟ್ಟ ಗಂಟೆ. ಇಷ್ಟು ದಿನ ಅಂದಾಜಿನಲ್ಲಿ ಹೊಡೆಯುತ್ತಿದ್ದವನಿಗೆ ಈಗ ಶಾಸ್ತ್ರದ ಜವಾಬ್ದಾರಿ ಬಿತ್ತು. ಎರಡನೇ ದಿನವೇ ಮೋಡ ಕವಿಯಬೇಕೇ! ನೆರಳಿಲ್ಲ, ಗಂಟೆಯಿಲ್ಲ. ಹೊತ್ತು ಇಳಿದರೂ ಮಕ್ಕಳು ಬರಲಿಲ್ಲವೆಂದು ತಾಯಂದಿರು ಬಂದು ಶಾಲೆಯ ಬಾಗಿಲಲ್ಲಿ ನಿಂತರು.

"ಏ ಸಿದ್ರಾಮ, ಗಂಟಿ ಹೊಡಿಯೋ! ಹುಡುಗರು ಹಸದಾವ!"

"ನೆಳ್ಳು ಬರೂತನಕ ಹೊಡದ್ರ ಸಂಶೋಧನ ಕೆಡತದಂತ ಹೆಡ್‌ಮಾಸ್ತರು ಹೇಳ್ಯಾರವ್ವ. ನನ್ನ ಕೈಯಾಗೇನದ? ಮ್ಯಾಲಿನಾಂವಗ ಕೇಳ್ರಿ!"

ಫಲ: "ಮೋಡವಿದ್ದ ದಿನ ಸಮಯ ಇರುವುದಿಲ್ಲ."

ಬಸಣ್ಣ ಮಾಸ್ತರರಿಗೆ ಪ್ರಾಣಿಶಾಸ್ತ್ರ ಮತ್ತು ಭಾಷಾಶಾಸ್ತ್ರ, ಎರಡೂ ಕೂಡಿ. ಶಾಲೆಗೆ ಮಗ್ಗುಲ ಮನೆಯ ಆಡೊಂದು ನುಗ್ಗಿ ಹಾಜರಿಪಟ್ಟಿ ತಿನ್ನುವುದು ದಿನದ ಪಾಡಾಗಿತ್ತು. ಅದು ಉರ್ದು ಬರೆದದ್ದನ್ನು ತಿನ್ನುತ್ತದೋ, ಕನ್ನಡ ಬರೆದದ್ದನ್ನೋ? ಎರಡು ಹಾಳೆ ಅಕ್ಕಪಕ್ಕ ಇಟ್ಟು ಆಡನ್ನು ಬಿಟ್ಟರು. ಅದು ಕನ್ನಡದ ಹಾಳೆಯನ್ನು ಮೂಸಿ ಬದಿಗೆ ತಳ್ಳಿ, ಉರ್ದುವಿನ ಹಾಳೆಯನ್ನು ಕಣ್ಣು ಮುಚ್ಚಿಕೊಂಡು ಮೆಲ್ಲತೊಡಗಿತು. ಮೌಲ್ವಿ ಸಾಹೇಬರ ಮುಖ ಅರಳಿತು.

"ನೋಡ್ರಿ ಬಸಣ್ಣ ಮಾಸ್ಟರ್, ಯಾವ ಜಬಾನಿನೊಳಗ ರುಚಿ ಅದಂತ ಆಡಿಗೂ ಗೊತ್ತದ!"

"ಖುಷಿ ಪಡಬ್ಯಾಡ್ರಿ ಸಾಹೇಬ್ರ, ಅದು ತಿಂದು ಮುಗಸಾಕತ್ತದ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮಾ ಮಾತ್ರ ನಗದೆ, "ಆಡು ಹಳೆಯ ಸರ್ಕಾರದ ಪರ, ಕಾರಣ ಹಳೆಯ ಕಾಗದ ದಪ್ಪ" ಎಂದು ಬರೆದು ಮುಗಿಸಿದರು.

"ಮಾಮಾ, ನಿಮ್ಮ ಸಂಶೋಧನ ಯಾವುದ್ರಿ?" ಎಂದು ನಾನು ಇಣುಕಿದೆ. ಅವರು ಹಾಳೆಯ ಮೇಲೆ ಅಂಗೈ ಮುಚ್ಚಿದರು. "ಹೆಡ್‌ಮಾಸ್ತರಂದು ಗುಟ್ಟಿರತದ. ಸರ್ಕಾರಿ ಕಾಗದ ಹುಡುಗರು ನೋಡಬಾರದು, ಹೋಗು." ಮೂರನೇ ದಿನ ಸಿದ್ರಾಮ ಖಗೋಳಶಾಸ್ತ್ರಕ್ಕೆ ರಜೆ ಹಾಕಿ, ಲಕೋಟೆ ಹಿಡಿದು ಕೆಂಭಾವಿಯ ಅಂಚೆಗೆ ನಡೆದ.

ತಿಂಗಳೊಪ್ಪತ್ತಿನ ಮೇಲೆ ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಚಕ್ಕಡಿಯಲ್ಲಿ ಬಂದಿಳಿದರು. ಕೈಯಲ್ಲಿ ನಮ್ಮ ನಮೂನೆ! ಅದು ವಿದ್ಯಾಪೀಠಕ್ಕೆ ಹೋಗಿ, ಅಲ್ಲಿಂದ ಎಷ್ಟೋ ಮೇಜು ಹತ್ತಿಳಿದು, ಮೈತುಂಬ ಮೊಹರು ಹೊಡೆಸಿಕೊಂಡು ಅವರಿಗೆ ತಲುಪಿತ್ತು. ಬಂದವರೇ ಅವರು ಕೇಳಿದ ಮೊದಲ ಮಾತು, "ಆಡು ಎಲ್ಲ್ಯದ್ರಿ?" ಆಡನ್ನು ನೋಡಿದರು, ಮೌಲ್ವಿ ಸಾಹೇಬರ ಗಡ್ಡವನ್ನು ಬಿಸಿಲಿಗೆ ಹಿಡಿದು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಡೆಯ ಸಾಲಿಗೆ ಬಂದಾಗ ಅವರ ನಗು ನಿಂತಿತು.

"ಇದರಾಗ ನಿಮ್ಮ ಸಾಲು ಅರ್ಧಾ ಅದಲ್ರಿ. ಫಲ ಬರದಿಲ್ಲ?"

"ತಡಾ ಅದ್ರಿ ಅದಕ್ಕ. ಬಂದ ಕೂಡ್ಲೆ ತುಂಬತೀನ್ರಿ."

ಇನ್ಸ್‌ಪೆಕ್ಟರರು ನಮೂನೆಯನ್ನು ಮಾಮಾನ ಕೈಗೇ ವಾಪಸು ಕೊಟ್ಟು, ಯಾಕೋ ಕಂಬದ ಮರೆಯಲ್ಲಿದ್ದ ನನ್ನ ಕಡೆ ನೋಡಿದರು. ಆದರೆ ಕಾಯಿದೆ ಕಾಯಿದೆಯೇ. "ಐದನೇತ್ತಿಗೆ ಹನ್ನೆರಡು ಮಕ್ಕಳು ಬೇಕು. ನಿಮ್ಮಲ್ಲಿ ಇರಾಕಿ ಒಬ್ಬಾಕಿ. ಮಂಜೂರಾಗಂಗಿಲ್ರಿ."

ನನಗೆ ಗೂಟದ ಮೇಲಿನ ಕುಡಗೋಲು ಕಣ್ಣಮುಂದೆ ಬಂದು ಅಳು ಒತ್ತರಿಸಿ ಬಂತು. ಮಾಮಾ ವಾದಿಸಲಿಲ್ಲ. ಇಷ್ಟೇ ಕೇಳಿದರು: "ಆತ್ರಿ. ಸಾಲಿ ಬಿಟ್ಟ ಮ್ಯಾಲ ಇದೇ ಪಡಸಾಲ್ಯಾಗ ಕೂತು ಒಂದು ಹುಡುಗಿ ಐದನೇತ್ತಿ ಪುಸ್ತಕ ಓದಬಾರದಂತ ಏನರೆ ಹುಕುಂ ಅದ ಏನ್ರಿ?"

"ಹಂಗೇನೂ ಹುಕುಂ ಇಲ್ಲ ಬಿಡ್ರಿ."

"ಹಂಗಂತ ಬರದು ಕೊಡ್ರಿ. ತಾರೀಖು ಹಾಕಿ!"

ಬರೆಸಿಕೊಂಡೇ ಬಿಟ್ಟರು! ಅಂದು ಸಂಜೆ ಮಾಮಾ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ಅಪ್ಪನಿಗೆ ಓದು ಬಾರದು. ಆದರೆ ಸಹಿ, ಮೊಹರು, ತಾರೀಖು ಯಾರಿಗೆ ಗೊತ್ತಾಗುವುದಿಲ್ಲ? "ಅಂದ್ರ ಐದನೇತ್ತಿ ಊರಾಗೇ ಬಂತನ್ನು," ಎಂದು ಅವರು ಕುಡಗೋಲನ್ನು ಅವ್ವನಿಗೆ ಕೊಟ್ಟರು. ಮಾಮಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನಗೆ ತಿಳಿದಂತೆ ಅವರು ಜೀವನದಲ್ಲಿ ಸರ್ಕಾರಿ ಕಾಗದಕ್ಕೆ ಮಾಡಿದ ಒಂದೇ ಮೋಸ ಅದು.

ಮೂರು ವರ್ಷ ಆ ಪಡಸಾಲೆಯೇ ನನ್ನ ಶಾಲೆ. ನೀಲಿ ಗಡ್ಡದ ಮೌಲ್ವಿ ಸಾಹೇಬರು ಲೆಕ್ಕ ಹೇಳಿಕೊಟ್ಟರು, ಬಸಣ್ಣ ಮಾಸ್ತರರು ಕನ್ನಡ, ಮಿಕ್ಕಿದ್ದೆಲ್ಲ ಮಾಮಾ. ಒಬ್ಬಳಿಗೋಸ್ಕರ ಸಿದ್ರಾಮ ಗಂಟೆಯನ್ನೂ ಹೊಡೆಯುತ್ತಿದ್ದ, ಮೋಡವಿದ್ದರೂ! ಸುರಪುರದಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದೆ. ಅಷ್ಟೊತ್ತಿಗೆ ಅಪ್ಪನೇ ಟ್ರಂಕು ಹೊತ್ತು ನನ್ನನ್ನು ಯಾದಗಿರಿಯ ಹೈಸ್ಕೂಲಿಗೆ ಬಿಟ್ಟುಬಂದರು. ಮುಂದೆ ಕಾಲೇಜು ಓದಿದೆ, ಕಾಲೇಜಿನಲ್ಲೇ ಕಲಿಸಲೂ ನಿಂತೆ.

ಮಾಮಾ ನಿವೃತ್ತರಾದ ದಿನ ಊರಿಗೆ ಹೋಗಿದ್ದೆ. ಹೊಸ ಹೆಡ್‌ಮಾಸ್ತರರಿಗೆ ಕುರ್ಚಿ, ಕರಿಹಲಗೆ, ಗಂಟೆ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸುತ್ತಿದ್ದರು. ಕಡೆಗೊಂದು ಹಳದಿಯಾದ ಕಾಗದ ಉಳಿಯಿತು. "ಇದು ಯಾವ ಫೈಲಿಗೂ ಸೇರಂಗಿಲ್ರಿ, ನಾ ತೊಗೊಳ್ಳಂಗಿಲ್ಲ," ಎಂದರು ಹೊಸಬರು. ಮಾಮಾ ಅದನ್ನು ನನ್ನ ಕೈಗಿಟ್ಟರು. "ಹಂಗಾದ್ರ ನೀನೇ ತೊಗೊ. ಒಂದು ಕಡೆ ಜವಾಬು ಬಾಕಿ ಅದ."

ಅದೇ ನಮೂನೆ. ಗಡ್ಡ, ಮೋಡ, ಆಡು ಎಲ್ಲ ಹಾಗೇ ಇದ್ದವು. ಕಡೆಯ ಸಾಲು ನಾನು ಅಂದು ನೋಡದೇ ಹೋದದ್ದು. ಹೆಸರು: ಹೆಡ್‌ಮಾಸ್ತರ. ವಿಷಯ: "ನಮ್ಮ ಶಾಲೆಯ ಹುಡುಗಿ ಎಲ್ಲೀತನಕ ಓದಬಲ್ಲಳು? ಒಬ್ಬಳ ಮೇಲೆ ಪ್ರಯೋಗ." ಫಲದ ಅಂಕಣ ಖಾಲಿ.

ಮೂರು ದಿನದಲ್ಲಿ ಜವಾಬು ಕೊಡುವ ಮನುಷ್ಯ ಹದಿನೇಳು ವರ್ಷ ಕಾದಿದ್ದರು. ನಾನು ಪೆನ್ನು ತೆಗೆದು ಬರೆದೆ: "ಇನ್ನೂ ಓದುತ್ತಿದ್ದಾಳೆ." ಮಾಮಾ ಕನ್ನಡಕ ಏರಿಸಿ ಎರಡು ಸಲ ಓದಿದರು.

"ತಾರೀಖು ಹಾಕವ್ವ."

ನನಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. "ಇವತ್ತು ಎಷ್ಟ್ರಿ ಮಾಮಾ ತಾರೀಖು?" ಎಂದೆ.

ಮಾಮಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು, ಎಷ್ಟು ಹೊತ್ತಾದರೂ ಒರೆಸುತ್ತಲೇ ಇದ್ದರು.

"ನೆನಪಾಗವಲ್ದು ತಂಗಿ," ಎಂದರು. "ಬಿಡು, ಹಂಗೇ ಇರಲಿ."